ಸಣ್ಣ ಮಶಿನ್ ಶಾಪಿನಲ್ಲಿ ಕೈಜೆನ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿಯಂಥ ಕಡೆ 10ರಿಂದ 50 ಜನ ಕೆಲಸ ಮಾಡುವ ಶಾಪುಗಳ ಮಾಲೀಕರು, ಸೂಪರ್‌ವೈಸರ್‌ಗಳು, ಆಪರೇಟರ್‌ಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಉದಾಹರಣೆಗಳಲ್ಲಿ ಹೆಚ್ಚಿನವು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಶಿನ್) ಟರ್ನಿಂಗ್, ಡ್ರಿಲ್ಲಿಂಗ್ ಕೆಲಸಕ್ಕೆ ಸೇರಿದವು. ಲೆಕ್ಕಗಳು ಮಾದರಿಗಷ್ಟೇ, ನಿಮ್ಮ ಶಾಪಿನ ಅಂಕಿ ಹಾಕಿ ನೋಡಿ.

## ಶುರು ಮಾಡುವ ಮುಂಚೆ

ಕೈಜೆನ್ ಅಂದ್ರೆ ಏನು? ಹದಿನೈದು ಜನರ ಶಾಪಿಗೂ ಅದು ಬೇಕಾ?

ಜಪಾನೀ ಭಾಷೆಯಲ್ಲಿ 'ಕೈ' ಎಂದರೆ ಬದಲಾವಣೆ, 'ಜೆನ್' ಎಂದರೆ ಒಳ್ಳೆಯದು. ಕೆಲಸ ಮಾಡುವ ರೀತಿಯನ್ನು ಚೂರುಚೂರಾಗಿ, ಬಿಡದೆ ತಿದ್ದುತ್ತಾ ಹೋಗುವುದಕ್ಕೆ ಆ ಹೆಸರು. ದೊಡ್ಡ ಬಂಡವಾಳ ಹಾಕಿ ಹೊಸ ಮಶಿನ್ ತರುವುದು ಕೈಜೆನ್ ಅಲ್ಲ. ಇರುವ ಮಶಿನ್ನಿನ ಪಕ್ಕ ನೆಲದ ಮೇಲಿರುವ ಟ್ರೇಯನ್ನು ಸೊಂಟದ ಎತ್ತರದ ಸ್ಟ್ಯಾಂಡಿಗೆ ಏರಿಸುವುದು ಕೈಜೆನ್. ಪ್ರತಿ ಜಾಬಿಗೂ (ಮಶಿನ್ನಿಗೆ ಹಾಕುವ ಪೀಸಿಗೂ) ಬಗ್ಗಿ ಏಳುವ 4 ಸೆಕೆಂಡ್ ಉಳಿದರೆ, 300 ಜಾಬಿಗೆ 1,200 ಸೆಕೆಂಡ್. ಅಂದರೆ ಶಿಫ್ಟಿಗೆ 20 ನಿಮಿಷ, ಜೊತೆಗೆ ಆಪರೇಟರ್‌ನ ಬೆನ್ನು.

ಸಣ್ಣ ಶಾಪಿಗೆ ಇದು ಇನ್ನೂ ಸುಲಭ. ದೊಡ್ಡ ಕಂಪನಿಯಲ್ಲಿ ಒಂದು ಸ್ಟ್ಯಾಂಡ್ ಮಾಡಿಸಲು ನಾಲ್ಕು ಸಹಿ ಬೇಕು. ನಿಮ್ಮಲ್ಲಿ ವೆಲ್ಡರ್ ಇದ್ದಾನೆ, ಸ್ಕ್ರ್ಯಾಪ್ ಆ್ಯಂಗಲ್ ಇದೆ, ಮಧ್ಯಾಹ್ನದೊಳಗೆ ಸ್ಟ್ಯಾಂಡ್ ರೆಡಿ.

ಇದೆಲ್ಲ ಜಪಾನಿನವರಿಗೆ ಸರಿ ಹೋಗತ್ತೆ. ನಮ್ಮ ಜನಕ್ಕೆ ಒಗ್ಗತ್ತಾ?

ಜಪಾನಿನವರಿಗೂ ಇದು ಹುಟ್ಟಿನಿಂದ ಬಂದದ್ದಲ್ಲ. ಯುದ್ಧದಲ್ಲಿ ಸೋತು ಕಾರ್ಖಾನೆಗಳು ಕುಸಿದಿದ್ದಾಗ ಅಮೆರಿಕದವರ ಸೂಪರ್‌ವೈಸರ್ ತರಬೇತಿ ಅಲ್ಲಿಗೆ ಹೋಯಿತು. 1950ರಲ್ಲಿ ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೋಗಿ ಗುಣಮಟ್ಟದ ಪಾಠ ಹೇಳಿದರು. ಟೊಯೋಟಾ ಕಂಪನಿ ಕಾರ್ಮಿಕರ ಸಲಹೆ ಪಡೆಯುವ ಪದ್ಧತಿ ಶುರು ಮಾಡಿದ್ದು 1951ರಲ್ಲಿ. ಕಲಿತು ರೂಢಿಸಿಕೊಂಡ ವಿದ್ಯೆ ಅದು.

ನಮ್ಮ ಕಡೆಗೂ ಹೊಸದೇನಲ್ಲ. ಹೈದರಾಬಾದಿನ ಬಿಎಚ್‌ಇಎಲ್‌ನಲ್ಲಿ 1980ರಲ್ಲೇ ಕ್ವಾಲಿಟಿ ಸರ್ಕಲ್ (ಕೆಲಸಗಾರರೇ ಕೂತು ತೊಂದರೆ ಬಿಡಿಸುವ ಸಣ್ಣ ಗುಂಪು) ಶುರುವಾಗಿತ್ತು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 1999ರ ಕೊನೆಯಿಂದ ಗಾಡಿ ತಯಾರಾಗುತ್ತಿವೆ, ಅಲ್ಲಿ ಲೈನಿನಲ್ಲಿ ನಿಂತವರಲ್ಲಿ ನಮ್ಮ ಜಿಲ್ಲೆಗಳ ಐಟಿಐ ಹುಡುಗರೂ ಇದ್ದಾರೆ. 'ನಮ್ಮ ಜನ ಸರಿಯಿಲ್ಲ' ಎನ್ನುವ ಶಾಪಿನಲ್ಲಿ ಸಾಮಾನ್ಯವಾಗಿ ಸರಿಯಿಲ್ಲದಿರುವುದು, ಹುಡುಗ ಹೇಳಿದ ಮಾತಿಗೆ ಯಾರೂ ಉತ್ತರ ಕೊಡದೇ ಇರುವುದು.

ಎಲ್ಲಿಂದ ಶುರು ಮಾಡೋದು? ತಲೆ ಬುಡ ಗೊತ್ತಾಗ್ತಿಲ್ಲ.

ಒಂದು ಮಶಿನ್, ಒಂದು ವಾರ, ಒಂದು ಹಾಳೆ. ಯಾವ ಮಶಿನ್ನಿನ ಮುಂದೆ ಮಾಲು ಹೆಚ್ಚು ಕಾದು ಕೂತಿರುತ್ತದೋ ಅದನ್ನೇ ಆರಿಸಿ. ಹಾಳೆಯಲ್ಲಿ ನಾಲ್ಕೇ ಕಾಲಂ: ಮಶಿನ್ ನಿಂತ ಹೊತ್ತು, ಮತ್ತೆ ಓಡಿದ ಹೊತ್ತು, ಕಾರಣ, ಆಪರೇಟರ್ ಸಹಿ. ಕಾರಣಗಳನ್ನು ಮೊದಲೇ ಎಂಟು ಹತ್ತು ಗುಂಪು ಮಾಡಿ ಅಂಕಿ ಕೊಟ್ಟುಬಿಡಿ: ಸೆಟ್ಟಿಂಗ್, ಟೂಲ್ ಅಥವಾ ಇನ್ಸರ್ಟ್ (ಟೂಲಿನ ಕಡಿಯುವ ತುದಿ) ಬದಲು, ಮೆಟೀರಿಯಲ್ ಇಲ್ಲ, ಇನ್‌ಸ್ಪೆಕ್ಷನ್‌ಗೆ ಕಾಯುವುದು, ಮಶಿನ್ ರಿಪೇರಿ, ಕರೆಂಟ್ ಇಲ್ಲ, ಕ್ರೇನ್ ಅಥವಾ ಹೆಲ್ಪರ್‌ಗೆ ಕಾಯುವುದು, ಚಿಪ್ಸ್ ತೆಗೆಯುವುದು. 3 ನಿಮಿಷಕ್ಕಿಂತ ಹೆಚ್ಚು ನಿಂತರೆ ಬರೆಯಬೇಕು. ಕೈಗೆ ಸಿಗುವ ಜಾಗದಲ್ಲಿ ಪ್ಯಾಡ್, ದಾರ ಕಟ್ಟಿದ ಪೆನ್ನು, ಕಾಣುವ ಗಡಿಯಾರ ಇರಲಿ.

ವಾರದ ಕೊನೆಗೆ ಕಾರಣವಾರು ನಿಮಿಷ ಕೂಡಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ. ಮೇಲಿನ ಎರಡು ಕಾರಣಗಳೇ ದೊಡ್ಡ ಪಾಲು ನುಂಗಿರುತ್ತವೆ. ಅವೇ ನಿಮ್ಮ ಮೊದಲ ಕೆಲಸ.

ಇದು ಕೆಡುವುದು ಎರಡು ರೀತಿಯಲ್ಲಿ. ಶಿಫ್ಟ್ ಮುಗಿಯುವಾಗ ನೆನಪಿನಿಂದ ಬರೆದರೆ ಎಲ್ಲವೂ 10, 15, 30 ನಿಮಿಷ ಎಂದು ದುಂಡು ಅಂಕಿಯಾಗುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಎರಡನೇ ದಿನ ಮಾಲೀಕರು ಆ ಹಾಳೆ ಹಿಡಿದು 'ಇಷ್ಟು ಹೊತ್ತು ಏನ್ಮಾಡ್ತಿದ್ದೆ?' ಎಂದು ಕೇಳಿದರೆ, ಮೂರನೇ ದಿನದಿಂದ ಆ ಮಶಿನ್ ನಿಲ್ಲುವುದೇ ಇಲ್ಲ, ಹಾಳೆಯ ಮೇಲೆ.

5ಎಸ್ ಅಂದ್ರೆ ಕ್ಲೀನಿಂಗ್ ತಾನೆ? ಆಯುಧಪೂಜೆಗೆ ಎಲ್ಲ ತೊಳೆದು ಪೇಂಟ್ ಮಾಡ್ತೀವಲ್ಲ.

ಆಯುಧಪೂಜೆಯ ದಿನ ಶಾಪು ಹೇಗಿರುತ್ತದೋ, ದೀಪಾವಳಿಯ ಹೊತ್ತಿಗೂ ಹಾಗೇ ಇದ್ದರೆ ಅದು 5ಎಸ್. ತೊಳೆಯುವುದು ಐದರಲ್ಲಿ ಮೂರನೆಯದು ಮಾತ್ರ. ಬೇಡದ್ದನ್ನು ಆಚೆ ಹಾಕುವುದು, ಬೇಕಾದ್ದಕ್ಕೆ ಜಾಗ ಗೊತ್ತು ಮಾಡುವುದು ಅದಕ್ಕೂ ಮುಂಚಿನವು. ಅದನ್ನೇ ನಿಯಮವಾಗಿಸುವುದು, ನಿಯಮವನ್ನು ಅಭ್ಯಾಸವಾಗಿಸುವುದು ನಂತರದವು.

ಮೊದಲನೆಯದೇ ಕಷ್ಟ. ಕೆಂಪು ಚೀಟಿ ತಗೊಂಡು ಒಂದು ಸುತ್ತು ಬನ್ನಿ. ಒಂದು ತಿಂಗಳಿಂದ ಮುಟ್ಟದ ಪ್ರತಿ ಫಿಕ್ಸ್ಚರ್ (ಜಾಬು ಹಿಡಿದಿಡುವ ಚೌಕಟ್ಟು), ಹಳೆ ಮೋಟಾರ್, ತುಂಡು ರಾಡಿಗೆ ತಾರೀಖು ಬರೆದ ಚೀಟಿ ಕಟ್ಟಿ, ಒಂದು ಮೂಲೆಗೆ ಗೆರೆ ಎಳೆದು ಅಲ್ಲಿ ಇಡಿ. 30 ದಿನದೊಳಗೆ ಯಾರೂ ಕೇಳದಿದ್ದರೆ ಮಾರಿ, ಇಲ್ಲವೇ ಸ್ಟೋರಿಗೆ ಕಳಿಸಿ. ಕಸ್ಟಮರ್ ಕೊಟ್ಟ ಫಿಕ್ಸ್ಚರ್, ಗೇಜ್‌ಗಳನ್ನು ಮಾತ್ರ ಅವರ ಒಪ್ಪಿಗೆ ಇಲ್ಲದೆ ಆಚೆ ಹಾಕಬೇಡಿ. 'ಮುಂದೆ ಬೇಕಾಗಬಹುದು' ಎಂಬ ಮಾತು ಬಂದೇ ಬರುತ್ತದೆ. ಯಾವ ಜಾಬಿಗೆ, ಯಾವ ತಿಂಗಳಲ್ಲಿ ಎಂದು ಕೇಳಿ. ಉತ್ತರ ಬಂದರೆ ಇಟ್ಟುಕೊಳ್ಳಿ.

ಜಾಗ ಗೊತ್ತು ಮಾಡುವಾಗ ಟೂಲ್ ಬೋರ್ಡಿನ ಮೇಲೆ ಪ್ರತಿ ಸ್ಪ್ಯಾನರ್‌ನ ನೆರಳು ಚಿತ್ರ ಬರೆಯುವುದು ಚಂದವಾಗಿ ಕಾಣುತ್ತದೆ. ಆದರೆ ಬೋರ್ಡು ಮಶಿನ್ನಿನಿಂದ 15 ಹೆಜ್ಜೆ ದೂರವಿದ್ದರೆ ಸ್ಪ್ಯಾನರ್ ಬೋರ್ಡಿಗೆ ವಾಪಸ್ ಹೋಗುವುದಿಲ್ಲ. ಎರಡು ಹೆಜ್ಜೆಯೊಳಗೆ ಇಡಿ. ಚಂದ ಆಮೇಲೆ.

ದುಡ್ಡು ಎಲ್ಲಿ ಸೋರ್ತಾ ಇದೆ ಅಂತ ಹೇಗೆ ಕಂಡುಹಿಡಿಯೋದು?

ಟೊಯೋಟಾದ ತೈಚಿ ಓನೊ ಏಳು ಬಗೆಯ ದಂಡಗಳನ್ನು, ಅಂದರೆ ವ್ಯರ್ಥ ಖರ್ಚುಗಳನ್ನು, ಪಟ್ಟಿ ಮಾಡಿದರು: ಬೇಕಾದ್ದಕ್ಕಿಂತ ಹೆಚ್ಚು ಮಾಡುವುದು, ಕಾಯುವುದು, ಸಾಗಿಸುವುದು, ಬೇಡದಷ್ಟು ನಯ ಮಾಡುವುದು, ದಾಸ್ತಾನು, ಅನಗತ್ಯ ಓಡಾಟ, ರಿಜೆಕ್ಷನ್. ರಿಜೆಕ್ಷನ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದೇ ಹೋಗುವುದು ಮೊದಲನೆಯದು. ಆರ್ಡರ್ 500, 'ಸೆಟ್ಟಿಂಗ್ ಆಗಿದೆಯಲ್ಲ' ಎಂದು 800 ಹೊಡೆದಿಟ್ಟರೆ ಆ 300 ಪೀಸಿನ ಮೆಟೀರಿಯಲ್, ಇನ್ಸರ್ಟ್, ಕರೆಂಟ್ ದುಡ್ಡು ಮೂಲೆಯಲ್ಲಿ ತುಕ್ಕು ಹಿಡಿಯುತ್ತಾ ಕೂರುತ್ತದೆ. ಅದಕ್ಕೆ ಟ್ರೇ ಬೇಕು, ಜಾಗ ಬೇಕು, ಎಣ್ಣೆ ಹಚ್ಚಬೇಕು, ಡ್ರಾಯಿಂಗ್ ರಿವಿಜನ್ ಆದರೆ ಎಲ್ಲವೂ ಗುಜರಿಗೆ. ಉಳಿದ ಆರೂ ಇದರ ಬೆನ್ನ ಹಿಂದೆಯೇ ಬರುತ್ತವೆ ಎಂಬ ಕಾರಣಕ್ಕೆ ಓನೊ ಇದನ್ನೇ ಅತಿ ಕೆಟ್ಟದ್ದು ಎಂದು ಎಣಿಸಿದರು.

ಒಂದು ಜಾಬಿನ ಹಿಂದೆ ಚಾಕ್‌ಪೀಸ್ ಹಿಡಿದು ನಡೆಯಿರಿ: ಮೆಟೀರಿಯಲ್ ಇಳಿಸಿದ ಜಾಗದಿಂದ ಡಿಸ್‌ಪ್ಯಾಚ್‌ವರೆಗೆ ಎಷ್ಟು ಹೆಜ್ಜೆ, ಎಷ್ಟು ಸಲ ಕೆಳಗಿಟ್ಟು ಎತ್ತಿದರು, ಎಷ್ಟು ದಿನ ಕಾಯಿತು. ಆ ಜಾಬಿನ ಮೇಲೆ ನಿಜವಾಗಿ ಟೂಲ್ ಕಡಿದ ನಿಮಿಷಗಳನ್ನು ಪಕ್ಕದಲ್ಲಿ ಬರೆಯಿರಿ. ಆ ಎರಡು ಅಂಕಿಗಳ ನಡುವಿನ ಅಂತರದಲ್ಲೇ ನಿಮ್ಮ ದುಡ್ಡು ಇದೆ.

## ಕೆಲಸ ಹಿಡಿದ ಮೇಲೆ

ಒಂದು ಜಾಬಿಂದ ಇನ್ನೊಂದಕ್ಕೆ ಸೆಟ್ಟಿಂಗ್ ಬದಲಾಯಿಸೋಕೆ ಒಂದೂವರೆ ಗಂಟೆ ಹೋಗ್ತದೆ. ಕಮ್ಮಿ ಮಾಡಬಹುದಾ?

ಮಾಡಬಹುದು, ಹೊಸ ಮಶಿನ್ ಇಲ್ಲದೆಯೇ. ಇದರ ದಾರಿಯನ್ನು ಹಾಕಿಕೊಟ್ಟವರು ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್ಸಿನ ಡೈ ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಆರು ತಿಂಗಳಲ್ಲಿ ಅದನ್ನು 90 ನಿಮಿಷಕ್ಕೆ ತಂದರು. ಮತ್ತೆ ಮೂರು ತಿಂಗಳಲ್ಲಿ 3 ನಿಮಿಷಕ್ಕೆ.

ಮೊದಲು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದು ಪೂರ್ತಿ ಸೆಟ್ಟಿಂಗನ್ನು ವಿಡಿಯೊ ಮಾಡಿ. ಹಳೆ ಜಾಬಿನ ಕೊನೆಯ ಒಳ್ಳೆಯ ಪೀಸಿನಿಂದ ಹೊಸ ಜಾಬಿನ ಮೊದಲ ಒಳ್ಳೆಯ ಪೀಸಿನವರೆಗೆ. ಸೆಟ್ಟರ್‌ಗೆ ಮೊದಲೇ ಹೇಳಿ, ಆಮೇಲೆ ಅವರ ಜೊತೆಗೇ ಕೂತು ನೋಡಿ. ಒಂದು ಟರ್ನಿಂಗ್ ಸೆಂಟರ್‌ನಲ್ಲಿ 90 ನಿಮಿಷ ಹೀಗೆ ಹೋಗಿರುತ್ತದೆ ಎಂದಿಟ್ಟುಕೊಳ್ಳಿ: ಟೂಲ್, ಇನ್ಸರ್ಟ್, ಡ್ರಾಯಿಂಗ್ ಹುಡುಕಲು 18, ಜಾ (ಚಕ್‌ನಲ್ಲಿ ಜಾಬು ಕಚ್ಚಿ ಹಿಡಿಯುವ ತುಂಡುಗಳು) ಬಿಚ್ಚಿ ಕಟ್ಟಲು 12, ಸಾಫ್ಟ್ ಜಾ ಬೋರ್ ಮಾಡಲು 15, ಟೂಲ್ ಆಫ್‌ಸೆಟ್ (ಮಶಿನ್ನಿಗೆ ಕೊಡುವ ಟೂಲಿನ ಅಳತೆಯ ತಿದ್ದುಪಡಿ) ತೆಗೆಯಲು 20, ಪ್ರೋಗ್ರಾಂ ಹಾಕಿ ನೋಡಲು 10, ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ 15.

ಈಗ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ: ಇದನ್ನು ಹಳೆ ಜಾಬು ಓಡುತ್ತಿರುವಾಗಲೇ ಮಾಡಿಡಬಹುದೇ? ಹುಡುಕಾಟ ಪೂರ್ತಿ ಅಂಥದ್ದು. ಒಂದು ಟ್ರಾಲಿ ಮಾಡಿ. ಮುಂದಿನ ಜಾಬಿನ ಡ್ರಾಯಿಂಗ್, ಜಾ, ಟೂಲ್, ಇನ್ಸರ್ಟ್ ಡಬ್ಬಿ, ಪ್ಲಗ್ ಗೇಜ್, ಆಲೆನ್ ಕೀ ಅದರ ಮೇಲೆ ಅರ್ಧ ಗಂಟೆ ಮುಂಚೆಯೇ ಬರಲಿ. ಪ್ರೋಗ್ರಾಂ ಮೊದಲೇ ಮೆಮೊರಿಯಲ್ಲಿರಲಿ.

ಉಳಿದದ್ದು ಮಶಿನ್ ನಿಂತಾಗಲೇ ಆಗಬೇಕಾದ್ದು. ಅದನ್ನು ಚಿಕ್ಕದು ಮಾಡಿ. ಫೇಸಿಂಗ್, ರಫಿಂಗ್, ಫಿನಿಶಿಂಗ್, ಸೆಂಟರ್ ಡ್ರಿಲ್‌ನಂತೆ ಎಲ್ಲ ಜಾಬಿಗೂ ಬರುವ ಟೂಲ್‌ಗಳಿಗೆ ಟರೆಟ್‌ನಲ್ಲಿ (ಟೂಲ್‌ಗಳನ್ನು ಹೊತ್ತು ತಿರುಗುವ ತಲೆಯಲ್ಲಿ) ಕಾಯಂ ಸ್ಟೇಶನ್ ಕೊಡಿ. ಆಗ ಪ್ರತಿ ಸೆಟ್ಟಿಂಗ್‌ಗೆ ಬದಲಾಗುವುದು ಎರಡೋ ಮೂರೋ ಟೂಲ್. ಜಾಗಳಿಗೆ 1, 2, 3 ಎಂದು ನಂಬರ್ ಕೊರೆದು, ಸೆರೇಶನ್‌ನ ಯಾವ ಹಲ್ಲಿಗೆ ಕೂರಿಸಿತ್ತೆಂದು ಗುರುತು ಮಾಡಿಟ್ಟರೆ, ಮುಂದಿನ ಸಲ ಪೂರ್ತಿ ಬೋರ್ ಮಾಡುವ ಬದಲು ಒಂದು ತೆಳು ಕಟ್ ಸಾಕು. ಆ ಕಟ್ ಬಿಡಬೇಡಿ, ಬಿಟ್ಟರೆ ರನ್‌ಔಟ್ ಬರುತ್ತದೆ, ಅಂದರೆ ಜಾಬು ಓಲಾಡುತ್ತಾ ತಿರುಗುತ್ತದೆ. ಮೊದಲ ಪೀಸ್ ನೋಡುವವರಿಗೆ 10 ನಿಮಿಷ ಮುಂಚೆ ಹೇಳಿ ಕಳಿಸಿ. ಇಷ್ಟು ಮಾಡಿದರೆ ಆ 90 ನಿಮಿಷ ಹುಡುಕಾಟಕ್ಕೆ 2, ಜಾ ಕಟ್ಟಲು 8, ತೆಳು ಕಟ್‌ಗೆ 5, ಆಫ್‌ಸೆಟ್‌ಗೆ 8, ಪ್ರೋಗ್ರಾಂಗೆ 2, ಇನ್‌ಸ್ಪೆಕ್ಷನ್‌ಗೆ 7 ಎಂದು 32ಕ್ಕೆ ಇಳಿಯುತ್ತದೆ.

ಟಾರ್ಕ್ ನೋಡದೆ ಜಾ ಬೋಲ್ಟ್ ಬಿಗಿಯುವುದು, ಡೋರ್ ಇಂಟರ್‌ಲಾಕ್ ಬೈಪಾಸ್ ಮಾಡುವುದು ಕೈಜೆನ್ ಅಲ್ಲ. ಚಕ್‌ನಿಂದ ಹಾರಿದ ಜಾಬು ನಿಮಿಷ ಲೆಕ್ಕ ಹಾಕುವುದಿಲ್ಲ.

ಕಂಪ್ರೆಸರ್ ಹಗಲೂ ರಾತ್ರಿ ಓಡ್ತಾನೇ ಇರ್ತದೆ. ಇನ್ನೊಂದು ತಗೋಬೇಕಾ?

ತಗೊಳ್ಳುವ ಮುಂಚೆ ಸೋರಿಕೆ ಅಳೆಯಿರಿ. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ. ರಜೆ ದಿನ ಎಲ್ಲ ಮಶಿನ್ ಆಫ್ ಮಾಡಿ, ಏರ್ ಲೈನಿನ ವಾಲ್ವ್‌ಗಳು ತೆರೆದೇ ಇರಲಿ, ಕಂಪ್ರೆಸರ್ ಮಾತ್ರ ಆನ್. ಯಾರೂ ಗಾಳಿ ಬಳಸದಿದ್ದರೂ ಅದು ಆಗಾಗ ಲೋಡ್ ಆಗುತ್ತದೆ. ಎಷ್ಟು ಹೊತ್ತು ಲೋಡ್, ಎಷ್ಟು ಹೊತ್ತು ಅನ್‌ಲೋಡ್ ಎಂದು ಐದು ಸುತ್ತು ಬರೆದು ಸರಾಸರಿ ತೆಗೆಯಿರಿ. ಲೋಡ್ 2 ನಿಮಿಷ, ಅನ್‌ಲೋಡ್ 3 ನಿಮಿಷ ಬಂದರೆ ಸೋರಿಕೆ 2 ಭಾಗಿಸು 5, ಅಂದರೆ ಕಂಪ್ರೆಸರ್ ಸಾಮರ್ಥ್ಯದ ಶೇ 40. ಶೇ 10ರೊಳಗೆ ಇರಬೇಕು. ವಿಎಫ್‌ಡಿ (ಬೇಕಾದಂತೆ ಮೋಟಾರ್ ವೇಗ ಬದಲಿಸುವ ಸಾಧನ) ಇರುವ ಕಂಪ್ರೆಸರ್‌ಗೆ ಈ ಲೆಕ್ಕ ನಡೆಯುವುದಿಲ್ಲ.

6 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತು ಒಂದೇ ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದರೆ 14,400 ಯೂನಿಟ್. ನಿಮ್ಮ ಯೂನಿಟ್ ದರದಿಂದ ಗುಣಿಸಿ ನೋಡಿ. ಸೋಪಿನ ನೀರು ಹಚ್ಚಿ ಹುಡುಕಿ. ಪುಶ್ ಫಿಟ್ಟಿಂಗ್, ಫಿಲ್ಟರ್ ರೆಗ್ಯುಲೇಟರ್‌ನ ಬಟ್ಟಲು, ಏರ್ ಗನ್ನಿನ ಟ್ರಿಗರ್, ಕ್ಲಾಂಪ್ ಸಡಿಲಾದ ಹೋಸ್ ಮೊದಲು ಸಿಗುತ್ತವೆ. ನಿಂತ ಮಶಿನ್ನಿಗೆ ಗಾಳಿ ಬಂದ್ ಮಾಡಲು ಪ್ರತಿ ಮಶಿನ್ನಿಗೂ ಒಂದು ಬಾಲ್ ವಾಲ್ವ್ ಹಾಕಿ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮತ್ತೆ ಮಾಡದಿದ್ದರೆ ಸೋರಿಕೆ ವಾಪಸ್ ಬರುತ್ತದೆ.

'ಹುಷಾರಾಗಿ ಮಾಡು' ಅಂತ ಎಷ್ಟು ಸಲ ಹೇಳಿದ್ರೂ ಅದೇ ತಪ್ಪು. ಏನು ಮಾಡೋದು?

ಹೇಳುವುದನ್ನು ನಿಲ್ಲಿಸಿ, ತಪ್ಪು ಮಾಡಲು ಆಗದ ಹಾಗೆ ಕೆಲಸವನ್ನೇ ಬದಲಿಸಿ. ಇದಕ್ಕೆ ಪೋಕಾ-ಯೋಕೆ ಎನ್ನುತ್ತಾರೆ. 1961ರಲ್ಲಿ ಯಮಾದಾ ಎಲೆಕ್ಟ್ರಿಕ್ ಎಂಬ ಕಾರ್ಖಾನೆಯಲ್ಲಿ ಒಂದು ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು, ಆಗಾಗ ಒಂದು ಮರೆತುಹೋಗುತ್ತಿತ್ತು. ಶಿಂಗೊ ಹೇಳಿದ ಉಪಾಯ ಇಷ್ಟೇ: ಮೊದಲು ಡಬ್ಬಿಯಿಂದ ಎರಡು ಸ್ಪ್ರಿಂಗ್ ತೆಗೆದು ಒಂದು ಪುಟ್ಟ ತಟ್ಟೆಯಲ್ಲಿಡಿ, ಆಮೇಲೆ ಜೋಡಿಸಿ. ಜೋಡಿಸಿದ ಮೇಲೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಆಗಲೇ ಗೊತ್ತಾಗುತ್ತದೆ.

ಮೊದಲು ಇದರ ಹೆಸರು ಬಾಕಾ-ಯೋಕೆ ಎಂದಿತ್ತು, ದಡ್ಡರ ತಪ್ಪು ತಡೆಯುವುದು ಎಂಬ ಅರ್ಥದಲ್ಲಿ. 1963ರಲ್ಲಿ ಅರಕಾವಾ ಬಾಡಿ ಕಾರ್ಖಾನೆಯಲ್ಲಿ ಕೆಲಸದ ಹೆಣ್ಣುಮಗಳೊಬ್ಬಳು 'ನಾನು ಅಷ್ಟು ದಡ್ಡಿಯಾ?' ಎಂದು ಅತ್ತುಬಿಟ್ಟಳು. ಅಲ್ಲಿಂದ ಹೆಸರು ಬದಲಾಯಿತು. ಪೋಕಾ ಎಂದರೆ ಕೈತಪ್ಪಿ ಆಗುವ ತಪ್ಪು. ಶಾಪಿನಲ್ಲಿ ಬೈಗುಳ ಬಾಯಿಗೆ ಬರುವ ಮುಂಚೆ ನೆನೆಯಬೇಕಾದ ಕಥೆ.

ಡ್ರಿಲ್ಲಿಂಗ್ ಫಿಕ್ಸ್ಚರ್‌ನಲ್ಲಿ ಜಾಬು ಉಲ್ಟಾ ಕೂರುತ್ತಿದ್ದರೆ ಮಧ್ಯದಿಂದ ಒಂದು ಬದಿಗೆ ಸರಿದಂತೆ ಪಿನ್ ಹಾಕಿ. ಉಲ್ಟಾ ಇಟ್ಟರೆ ಕೂರಬಾರದು. ಎಣಿಕೆ ತಪ್ಪುತ್ತಿದ್ದರೆ 50 ಗುಳಿಗಳ ಟ್ರೇ ಮಾಡಿಸಿ. ಪಿನ್ ಹಾಕುವ ಮುಂಚೆ 20-30 ಕಾಸ್ಟಿಂಗ್‌ಗಳನ್ನು ಕೂರಿಸಿ ನೋಡಿ. ಕಾಸ್ಟಿಂಗ್ ಅಳತೆ ಏರುಪೇರಿದ್ದು ಒಳ್ಳೆಯ ಜಾಬೂ ಕೂರದೇ ಹೋದರೆ, ರಾತ್ರಿ ಶಿಫ್ಟಿನವರು ಪಿನ್ನನ್ನೇ ಕತ್ತರಿಸಿ ಹಾಕಿರುತ್ತಾರೆ.

ನಮ್ಮಲ್ಲಿ ಓಕೆ ಆದ ಪೀಸ್ ಕಸ್ಟಮರ್ ಕಡೆ ರಿಜೆಕ್ಟ್ ಆಗ್ತದೆ. ಯಾರದು ಸರಿ?

ಮೊದಲು ಬಿಸಿ ಜಾಬು ಅಳೆಯುತ್ತಿದ್ದೀರಾ ನೋಡಿ. ಅಳತೆಗೆ ಒಪ್ಪಿದ ತಾಪಮಾನ 20 ಡಿಗ್ರಿ. 100 ಮಿ.ಮೀ. ಸ್ಟೀಲ್ ಶಾಫ್ಟ್ ಅದಕ್ಕಿಂತ 20 ಡಿಗ್ರಿ ಬಿಸಿಯಿದ್ದರೆ ಸುಮಾರು 0.023 ಮಿ.ಮೀ. ಹಿಗ್ಗಿರುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) 0.03 ಇದ್ದರೆ ಅಲ್ಲಿಗೇ ಮುಗಿಯಿತು.

ಆಮೇಲೆ ಅಳೆಯುವವರನ್ನೇ ಅಳೆಯಿರಿ. 10 ಪೀಸಿಗೆ ನಂಬರ್ ಹಾಕಿ, ಮೂವರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದಂತೆ, ಮೂರು ಮೂರು ಸಲ ಅಳೆಯಲಿ. ಅಳತೆಯಿಂದಲೇ ಬರುವ ಏರುಪೇರು ಟಾಲರೆನ್ಸಿನ ಶೇ 10ರೊಳಗಿದ್ದರೆ ಸರಿ, ಶೇ 30 ದಾಟಿದರೆ ಆ ಉಪಕರಣ ಅಥವಾ ಹಿಡಿಯುವ ರೀತಿ ಆ ಕೆಲಸಕ್ಕೆ ಆಗದು. 0.02 ಟಾಲರೆನ್ಸಿಗೆ ವರ್ನಿಯರ್ ಹಿಡಿದು ಜಗಳ ಆಡುವವರು ಇನ್ನೂ ಇದ್ದಾರೆ.

ಸಲಹೆ ಪೆಟ್ಟಿಗೆ ಇಟ್ವಿ. ಯಾರೂ ಚೀಟಿನೇ ಹಾಕಲಿಲ್ಲ.

ಪೆಟ್ಟಿಗೆ ಬೀಗ ಹಾಕಿದ್ದು, ಚೀಟಿ ಹಾಕಿದವನಿಗೆ ಉತ್ತರ ಬರುವುದಿಲ್ಲ. ತೆಗೆದು, ಗೋಡೆಗೆ ಬೋರ್ಡು ಹಾಕಿ: ಏನು ತೊಂದರೆ, ಏನು ಮಾಡೋಣ, ಯಾರು ಮಾಡುತ್ತಾರೆ, ಯಾವಾಗ. ಮೂರು ದಿನದೊಳಗೆ ಹೌದು ಅಥವಾ ಇಲ್ಲ, ಇಲ್ಲ ಎಂದರೆ ಯಾಕೆ ಎಂದು ಅದೇ ಬೋರ್ಡಿನಲ್ಲಿ ಬರೆಯಿರಿ. ಬರೆಯಲು ಹಿಂಜರಿಯುವವರ ಮಾತನ್ನು ಸೂಪರ್‌ವೈಸರ್ ಬರೆಯಲಿ, ಹೆಸರು ಹೇಳಿದವರದ್ದೇ ಇರಲಿ. ಬಹುಮಾನ ಚಿಕ್ಕದಾಗಿರಲಿ, ಜಾರಿಯಾದ ಪ್ರತಿ ಸಲಹೆಗೂ ಒಂದೇ ಮೊತ್ತ. ಉಳಿತಾಯದ ಶೇಕಡಾವಾರು ಕೊಡಲು ಹೋದರೆ ಲೆಕ್ಕದ ಜಗಳ ಶುರುವಾಗುತ್ತದೆ.

ಬೇಗ ಕೆಲಸ ಮುಗಿದ್ರೆ ನಮ್ಮನ್ನೇ ತೆಗೀತಾರಲ್ವಾ?

ಈ ಭಯ ಸುಳ್ಳಲ್ಲ. ಕೈಜೆನ್ ಹೆಸರಲ್ಲಿ ಇಬ್ಬರನ್ನು ಮನೆಗೆ ಕಳಿಸಿದ ಶಾಪಿನಲ್ಲಿ ಮೂರನೆಯ ಸಲಹೆ ಹುಟ್ಟುವುದಿಲ್ಲ. ಸುಧಾರಣೆಯಿಂದ ಉಳಿದ ಕೈಗಳನ್ನು ತೆಗೆಯುವುದಿಲ್ಲ ಎಂದು ಮಾಲೀಕರು ಶುರುವಿನಲ್ಲೇ ಎಲ್ಲರ ಎದುರು ಹೇಳಬೇಕು. ಹೊರಗೆ ಕೊಡುತ್ತಿದ್ದ ಜಾಬ್‌ವರ್ಕ್ ಒಳಗೆ ತರುವುದು, ಓವರ್‌ಟೈಮ್ ಇಳಿಸುವುದು, ಎರಡನೇ ಮಶಿನ್ ಕಲಿಸುವುದು ಅದಕ್ಕಿರುವ ದಾರಿ. ಪೀಸ್ ರೇಟ್ ಇರುವ ಕಡೆ ಇನ್ನೊಂದು ಮಾತು: ಸಮಯ ಉಳಿದ ಕೂಡಲೇ ರೇಟ್ ಇಳಿಸಿದರೆ, ಮುಂದಿನ ಉಪಾಯವನ್ನು ಆಪರೇಟರ್ ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳುವುದೇ ಸರಿ.

## ಇನ್ನೂ ಆಳಕ್ಕೆ

ಓಇಇ 85 ಇರಬೇಕು ಅಂತಾರೆ. ನಮ್ಮದು 61 ಬರ್ತಿದೆ. ಅಷ್ಟು ಕೆಟ್ಟದಾ?

ಓಇಇ ಎಂದರೆ ಮಶಿನ್ನಿನ ಒಟ್ಟು ಪರಿಣಾಮಕಾರಿತ್ವ: ಲಭ್ಯತೆ, ವೇಗ, ಗುಣಮಟ್ಟ ಮೂರನ್ನೂ ಗುಣಿಸಿ ಬರುವ ಅಂಕಿ. ಲೆಕ್ಕ ಸರಿಯಿದೆಯೇ ಮೊದಲು ನೋಡೋಣ. 480 ನಿಮಿಷದ ಶಿಫ್ಟಿನಲ್ಲಿ ಊಟ, ಟೀ 30 ಕಳೆದು 450. ಸೆಟ್ಟಿಂಗ್ 60, ರಿಪೇರಿ 45 ಹೋಗಿ ಓಡಿದ್ದು 345: ಲಭ್ಯತೆ ಶೇ 76.7. ಒಂದು ಪೀಸಿಗೆ 1.5 ನಿಮಿಷ ಎಂದಾದರೆ 190 ಪೀಸಿಗೆ 285 ನಿಮಿಷ: ವೇಗ ಶೇ 82.6. ಒಳ್ಳೆಯವು 183: ಗುಣಮಟ್ಟ ಶೇ 96.3. ಮೂರನ್ನೂ ಗುಣಿಸಿದರೆ ಶೇ 61.

85 ಎಂಬುದು ಲಭ್ಯತೆ 90, ವೇಗ 95, ಗುಣಮಟ್ಟ 99 ಎಂದು ಹಿಡಿದು ಬಂದ ಅಂಕಿ. ದಿನಕ್ಕೆ ಮೂರು ಸಲ ಸೆಟ್ಟಿಂಗ್ ಬದಲಾಗುವ ಜಾಬ್‌ವರ್ಕ್ ಶಾಪನ್ನು ಅದರ ಪಕ್ಕ ನಿಲ್ಲಿಸುವುದು ನ್ಯಾಯವಲ್ಲ. ನಿಮ್ಮ ಹೋದ ತಿಂಗಳಿನೊಂದಿಗೆ ಹೋಲಿಸಿ. ಈ ಉದಾಹರಣೆಯಲ್ಲಿ ಯಾರ ಬಾಯಲ್ಲೂ ಬರದ ನಷ್ಟ ಆ 60 ನಿಮಿಷ: ಮಶಿನ್ ಓಡಿದ್ದು 345, ಪೀಸ್ ಬಂದದ್ದು 285ರಷ್ಟು. ಫೀಡ್ ಓವರ್‌ರೈಡ್ 80ಕ್ಕೆ ಇಳಿಸಿರುವುದು, ಚಿಪ್ಸ್ ಸುತ್ತಿಕೊಂಡು ಆಗಾಗ ಒಂದೆರಡು ನಿಮಿಷ ನಿಲ್ಲುವುದು ಇಲ್ಲಿ ಅಡಗಿರುತ್ತವೆ. 3 ನಿಮಿಷದ ಕೆಳಗಿನದ್ದನ್ನು ನಿಮ್ಮ ಹಾಳೆ ಹಿಡಿಯುವುದಿಲ್ಲವಲ್ಲ.

ಓಇಇ ಏರಿಸಲೆಂದು ಆರ್ಡರ್ ಇಲ್ಲದ ಮಾಲು ಓಡಿಸುವವರೂ ಇದ್ದಾರೆ. ಅಂಕಿ ಏರುತ್ತದೆ, ಗೋಡೌನೂ ತುಂಬುತ್ತದೆ.

ಪ್ರತಿ ಪೀಸ್ ಅಳೆದು ಆಫ್‌ಸೆಟ್ ಕೊಟ್ಟರೂ ಸೈಜ್ ಮೇಲೆ ಕೆಳಗೆ ಆಗ್ತದೆ. ಯಾಕೆ?

ಕೊಡುತ್ತಿರುವುದರಿಂದಲೇ ಆಗುತ್ತಿದೆ. ಯಾವ ಮಶಿನ್ನೂ ಎರಡು ಪೀಸನ್ನು ಒಂದೇ ಮೈಕ್ರಾನಿಗೆ ಕಡಿಯುವುದಿಲ್ಲ. ಅದರದ್ದೇ ಒಂದು ಸಹಜ ಓಲಾಟ ಇರುತ್ತದೆ. ಒಂದು ಪೀಸ್ 6 ಮೈಕ್ರಾನ್ ದಪ್ಪ ಬಂತೆಂದು 6 ಕಮ್ಮಿ ಮಾಡಿದರೆ, ತಾನಾಗಿಯೇ ತೆಳ್ಳಗೆ ಬರಬೇಕಿದ್ದ ಮುಂದಿನ ಪೀಸ್ ಇನ್ನೂ ತೆಳ್ಳಗಾಗುತ್ತದೆ. ಓಲಾಟ ಬರೀ ಸಹಜದ್ದಾಗಿದ್ದು, ಪ್ರತಿ ಪೀಸಿಗೂ ಪೂರ್ತಿ ತಿದ್ದುತ್ತಾ ಹೋದರೆ ಹರಡು ಸುಮಾರು 1.4 ಪಟ್ಟಾಗುತ್ತದೆ. ಡೆಮಿಂಗ್ ತಮ್ಮ ತರಗತಿಗಳಲ್ಲಿ ಆಲಿಕೆಯಿಂದ ಗೋಲಿ ಬಿಡಿಸಿ ತೋರಿಸುತ್ತಿದ್ದದ್ದು ಇದನ್ನೇ.

ಮಶಿನ್ ಬಿಸಿಯಾದ ಮೇಲೆ, ಆಫ್‌ಸೆಟ್ ಮುಟ್ಟದೆ 25-30 ಪೀಸ್ ಓಡಿಸಿ, ಅಳತೆಗಳನ್ನು ಸಾಲಾಗಿ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡಿ. ಟಾಲರೆನ್ಸ್ ದಾಟುವಂತಿದ್ದರೆ ನಿಲ್ಲಿಸಿ. ಅಷ್ಟು ಹರಡಿದ್ದರೆ ಆಫ್‌ಸೆಟ್‌ನಿಂದ ಸರಿಹೋಗುವ ತೊಂದರೆ ಅದಲ್ಲ, ಸ್ಪಿಂಡಲ್, ಚಕ್, ಕೂಲಂಟ್ ಕಡೆ ಹೋಗಬೇಕು. ಚುಕ್ಕಿಗಳು ನಿಧಾನಕ್ಕೆ ಒಂದೇ ಕಡೆ ಏರುತ್ತಿದ್ದರೆ ಇನ್ಸರ್ಟ್ ಸವೆತ, ಅದಕ್ಕೆ ಲೆಕ್ಕ ಹಾಕಿ ಇಷ್ಟು ಪೀಸಿಗೆ ಇಷ್ಟು ಎಂದು ಕೊಡಬಹುದು. ಮಧ್ಯದ ಗೆರೆಯ ಒಂದೇ ಬದಿಗೆ ಸತತ 8 ಚುಕ್ಕಿ ಬಿದ್ದರೆ ಏನೋ ಬದಲಾಗಿದೆ ಎಂದರ್ಥ, ಹುಡುಕಿ. ಉಳಿದಂತೆ ಕೈ ಕಟ್ಟಿ ಕೂರಿ. ಆಪರೇಟರ್‌ಗೆ ಇದೇ ಅತಿ ಕಷ್ಟದ ಕೆಲಸ.

ನೂರು ನೂರು ಪೀಸ್ ಒಟ್ಟಿಗೆ ಹೊಡೆದು ಮುಂದಿನ ಮಶಿನ್ನಿಗೆ ಕೊಡೋದೇ ಸುಲಭ ಅಲ್ವಾ?

ಎತ್ತಲು ಸುಲಭ, ಡೆಲಿವರಿಗೆ ಅಲ್ಲ. ಮೂರು ಆಪರೇಶನ್, ಪ್ರತಿಯೊಂದೂ 1 ನಿಮಿಷ ಎಂದುಕೊಳ್ಳಿ. 100ರ ಗುಂಪಾಗಿ ಸಾಗಿಸಿದರೆ ಪೂರ್ತಿ ಮುಗಿಯಲು 300 ನಿಮಿಷ, ಮೊದಲ ಪೀಸ್ ಕೈಗೆ ಬರುವುದು 201ನೇ ನಿಮಿಷಕ್ಕೆ. ಒಂದೊಂದೇ ಮುಂದೆ ಸರಿಸಿದರೆ ಮೊದಲನೆಯದು 3ನೇ ನಿಮಿಷಕ್ಕೆ, ನೂರನೆಯದು 102ನೇ ನಿಮಿಷಕ್ಕೆ. ಎರಡನೇ ಆಪರೇಶನ್‌ನಲ್ಲಿ ಬಯಲಾಗುವ ತಪ್ಪು ಮೊದಲ ದಾರಿಯಲ್ಲಿ 100 ಪೀಸ್ ಹಾಳಾದ ಮೇಲೆ ಗೊತ್ತಾಗುತ್ತದೆ, ಎರಡನೆಯದರಲ್ಲಿ ಎರಡೋ ಮೂರೋ ಹಾಳಾದಾಗ.

ಮಶಿನ್‌ಗಳು ದೂರವಿದ್ದರೆ ಒಂದೊಂದೇ ಸರಿಸುವುದು ಹುಚ್ಚುತನ. 100ರ ಬದಲು 20ರ ಟ್ರೇ ಮಾಡಿ, ಆಮೇಲೆ ಮಶಿನ್ ಹತ್ತಿರ ತನ್ನಿ. ಸೆಟ್ಟಿಂಗ್ ಸಮಯ ಇಳಿಸದೆ ಲಾಟ್ ಚಿಕ್ಕದು ಮಾಡಲು ಹೊರಟರೆ ದಿನವಿಡೀ ಸೆಟ್ಟಿಂಗೇ. ಎಷ್ಟು ದಿನಕ್ಕೆ ಡೆಲಿವರಿ ಕೊಡಬಹುದೆಂದು ತಿಳಿಯಲು ಶಾಪಿನೊಳಗೆ ಅರ್ಧಂಬರ್ಧ ಆಗಿರುವ ಪೀಸ್ ಎಣಿಸಿ, ದಿನಕ್ಕೆ ಹೊರಹೋಗುವುದರಿಂದ ಭಾಗಿಸಿ. 600 ಒಳಗಿದ್ದು, 120 ಹೊರಹೋಗುತ್ತಿದ್ದರೆ 5 ದಿನ. ಕಸ್ಟಮರ್‌ಗೆ 3 ದಿನ ಎಂದು ಮಾತು ಕೊಟ್ಟಿದ್ದರೆ ಜಗಳ ಖಚಿತ.

ಆರು ತಿಂಗಳಾದ ಮೇಲೆ ಎಲ್ಲ ಮೊದಲಿನ ಹಾಗೇ ಆಗಿಬಿಡ್ತದೆ. ಯಾಕೆ ನಿಲ್ಲಲ್ಲ?

ಹೊಸ ರೀತಿಯನ್ನು ಯಾರೂ ಬರೆದಿಡಲಿಲ್ಲ, ಅಥವಾ ಬರೆದದ್ದು ಆಫೀಸಿನ ಫೈಲಿನಲ್ಲಿದೆ. ಬದಲಾವಣೆ ಒಪ್ಪಿಗೆಯಾದ ದಿನವೇ ಒಂದು ಪುಟದ ಹಾಳೆ ಮಾಡಿ: ಎಡಕ್ಕೆ ಹೆಜ್ಜೆಗಳು, ಬಲಕ್ಕೆ ಫೋಟೊ, ಕೆಳಗೆ ಸಮಯ. ಕನ್ನಡದಲ್ಲಿರಲಿ, ಹಿಂದಿ, ಒಡಿಯಾ ಮಾತಾಡುವ ಹುಡುಗರಿದ್ದರೆ ಫೋಟೊ ದೊಡ್ಡದಾಗಿರಲಿ. ಮಶಿನ್ನಿನ ಮೇಲೇ ಅಂಟಿಸಿ. ರಾತ್ರಿ ಶಿಫ್ಟಿನವರಿಗೆ ಕಲಿಸದೆ ಬೆಳಗಿನವರು ಮಾತ್ರ ಕಲಿತ ಬದಲಾವಣೆ ಒಂದು ವಾರ ಬಾಳುವುದಿಲ್ಲ.

ಸೂಪರ್‌ವೈಸರ್ ದಿನಕ್ಕೊಂದು ಹಾಳೆ ಆರಿಸಿ, 5 ನಿಮಿಷ ನಿಂತು ಕೆಲಸವನ್ನು ಹಾಳೆಯೊಂದಿಗೆ ಹೋಲಿಸಲಿ. ಹೊಂದದಿದ್ದರೆ ಎರಡೇ ಸಾಧ್ಯತೆ: ಕಲಿಸಿದ್ದು ಸಾಲದು, ಇಲ್ಲವೇ ಆಪರೇಟರ್ ಅದಕ್ಕಿಂತ ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ಎರಡನೆಯದಾದರೆ ಹಾಳೆಯನ್ನೇ ತಿದ್ದಿ, ಅವರ ಹೆಸರು, ತಾರೀಖು ಹಾಕಿ. ಒಂದು ವರ್ಷದಿಂದ ತಾರೀಖು ಬದಲಾಗದ ಹಾಳೆ ಕಂಡರೆ ಅಲ್ಲಿ ಕೈಜೆನ್ ನಿಂತಿದೆ ಎಂದೇ ಲೆಕ್ಕ.

ಸಾಫ್ಟ್‌ವೇರ್ ಹಾಕಿಸಿದ್ರೆ ಬೇಗ ಆಗತ್ತಾ?

ಮೂರು ತಿಂಗಳು ಕಾಗದದಲ್ಲಿ ನಡೆಸಿ. ಕಾಗದದಲ್ಲಿ ಬರೆಯದವರು ಟ್ಯಾಬ್ಲೆಟ್ಟಿನಲ್ಲೂ ಬರೆಯುವುದಿಲ್ಲ.

ಸರ್ಕಾರದಿಂದ ಇದಕ್ಕೆ ಸಹಾಯ ಇದೆಯಂತೆ, ಹೌದಾ?

ಇದೆ. ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚಿನಲ್ಲಿ ಲೀನ್ (ಉತ್ಪಾದನೆಯಲ್ಲಿ ದಂಡ ಇಳಿಸುವ ಪದ್ಧತಿ) ಯೋಜನೆಯನ್ನು ಹೊಸ ರೂಪದಲ್ಲಿ ತಂದಿತು. ಉದ್ಯಮ್ ನೋಂದಣಿ ಇರುವ ಉತ್ಪಾದನಾ ಘಟಕ ಆನ್‌ಲೈನಿನಲ್ಲಿ ಪ್ರತಿಜ್ಞೆ ತೆಗೆದುಕೊಂಡು ಸೇರಬಹುದು. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೂರು ಹಂತ. ಸಲಹೆಗಾರರ ನೆರವಿನ ಖರ್ಚಿನಲ್ಲಿ ಶೇ 90 ಸರ್ಕಾರದ್ದು. ಸಲಹೆಗಾರರು ಬಂದ ಮೊದಲ ದಿನ ಪ್ರೊಜೆಕ್ಟರ್ ಕೇಳಿದರೆ ಪರವಾಗಿಲ್ಲ. ಎರಡನೇ ದಿನವೂ ಶಾಪಿಗೆ ಇಳಿಯದಿದ್ದರೆ ಬೇರೆಯವರನ್ನು ಕೇಳಿ. ಅವರು ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ತಿಂಗಳ ಮಶಿನ್ ನಿಂತ ಹಾಳೆಗಳಿದ್ದರೆ, ಮೊದಲ ಎರಡು ಭೇಟಿಯ ಕೆಲಸ ನೀವೇ ಮುಗಿಸಿಟ್ಟಂತೆ.